ಸಾಕ್ಷಿ ಹೇಳಲು ಎದ್ದು ನಿಲ್ಲದವರು

ನಾನು ಹೇಳಿದ ಒಂದು ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಕೋರ್ಟಿನಲ್ಲಿ ಹೇಳಿದ ಸಾಕ್ಷಿ ಅದಲ್ಲ. 2021ರ ಡಿಸೆಂಬರ್ 31ರ ಸಂಜೆ, ಮಂಗಳೂರಿನ ಒಂದು ಚರ್ಚಿನಲ್ಲಿ ಮೈಕು ಹಿಡಿದು ಹೇಳಿದ್ದು. ರಾತ್ರಿ ಕರ್ಫ್ಯೂ ಇದ್ದ ಕಾರಣ ಆ ವರ್ಷ ನಡುರಾತ್ರಿಯ ಆರಾಧನೆ ಇರಲಿಲ್ಲ, ಎಲ್ಲವನ್ನೂ ಬೇಗ ಮುಗಿಸಬೇಕಿತ್ತು. ಸಭಾಪಾಲಕರು ಪ್ರಸಂಗವನ್ನು ಚುಟುಕಾಗಿ ಮುಗಿಸಿ, “ಈ ವರ್ಷ ದೇವರ ಒಳ್ಳೆಯತನವನ್ನು ಅನುಭವಿಸಿದವರು ಮುಂದೆ ಬಂದು ಸಾಕ್ಷಿ ಹೇಳಬಹುದು” ಎಂದರು.

ಚರ್ಚಿನ ಒಳಗನ್ನು ಕಾಣದ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಸಾಕ್ಷಿ ಎಂದರೆ ದೇವರು ತನಗೆ ಏನು ಮಾಡಿದನೆಂದು ಸಭೆಯೆದುರು ಹೇಳುವುದು. ಮಗಳಿಗೆ ಸೀಟು ಸಿಕ್ಕಿದ್ದು, ಮಗನಿಗೆ ವೀಸಾ ಬಂದದ್ದು, ಜಾಗದ ತಕರಾರು ಬಗೆಹರಿದದ್ದು, ಸ್ಕ್ಯಾನಿಂಗಿನಲ್ಲಿ ಕಂಡ ಗಂಟು ಎರಡನೇ ಸ್ಕ್ಯಾನಿಂಗಿನಲ್ಲಿ ಕಾಣದೇ ಹೋದದ್ದು. ಹೇಳಿ ಮುಗಿಸಿದಾಗ ಸಭೆ “ಆಮೆನ್” ಅನ್ನುತ್ತದೆ. ಚಿಕ್ಕಂದಿನಿಂದ ಇವನ್ನು ಕೇಳಿಯೇ ಬೆಳೆದವನು ನಾನು. ಆ ಸಂಜೆ ನಾಲ್ಕನೆಯವನಾಗಿ ನಾನೂ ಎದ್ದು ಹೋದೆ.

ಅದೇ ವರ್ಷ ಮೇ ತಿಂಗಳಲ್ಲಿ ಕೋವಿಡ್ ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಅದರಲ್ಲಿ ಏಳು ದಿನ ಆಕ್ಸಿಜನ್ ಮೇಲೆ. ಸಭೆಯವರು ಸರದಿಯ ಮೇಲೆ ಪ್ರಾರ್ಥಿಸಿದ್ದರು. ಅದನ್ನೆಲ್ಲ ನೆನೆದು ನಾನು ಹೇಳಿದ್ದು ಇಷ್ಟು: “ದೇವರು ನಿಮ್ಮ ಪ್ರಾರ್ಥನೆ ಕೇಳಿದ. ಅದಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ. ದೇವರು ಒಳ್ಳೆಯವನು.” ಗಂಟಲು ಕಟ್ಟಿತು. ಸಭೆ ಜೋರಾಗಿಯೇ ಆಮೆನ್ ಎಂದಿತು.

ಎಡಗಡೆಯ ಮೂರನೇ ಬೆಂಚಿನಲ್ಲಿ ನನ್ನ ಚಿಕ್ಕಮ್ಮ ಕೂತಿದ್ದರು. ಅವರ ಮಗ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಅದೇ ವಾರ್ಡಿನಲ್ಲಿ ನನ್ನಿಂದ ಎರಡು ಹಾಸಿಗೆ ಆಚೆ ಇದ್ದ. ಸಭೆಯ ಪ್ರಾರ್ಥನೆಯ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರೂ ಒಂದರ ಕೆಳಗೊಂದು ಇದ್ದವು. ಪ್ರಾರ್ಥಿಸಿದವರೂ ಅವರೇ, ಹೊತ್ತೂ ಅದೇ. ಒಂಬತ್ತನೇ ದಿನ ಅವನನ್ನು ಐಸಿಯುಗೆ ತೆಗೆದುಕೊಂಡು ಹೋದರು. ಅಲ್ಲಿಂದ ಅವನು ಬರಲಿಲ್ಲ.

ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡರು. ಮನೆಯಲ್ಲಿ ನಾವು ಆಡುವುದು ತುಳು; ಅವರು ತುಳುವಿನಲ್ಲೇ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ನೀನು ಬದುಕಿ ಬಂದದ್ದು ನನಗೆ ಖುಷಿ ಉಂಟು ಮಗಾ. ಒಂದು ಕೇಳ್ತೇನೆ, ಬೇಜಾರು ಮಾಡಬೇಡ. ನನ್ನ ಪ್ರಾರ್ಥನೆಯಲ್ಲಿ ಎಂತ ಕಡಿಮೆ ಆಗಿತ್ತು?”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಈಗಲೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಆ ಪ್ರಶ್ನೆಯನ್ನು ಅವರ ಬಾಯಿಗೆ ತಂದವನು ನಾನು ಎಂಬುದು ಮಾತ್ರ ಗೊತ್ತು. “ದೇವರು ಪ್ರಾರ್ಥನೆ ಕೇಳಿದ, ಅದಕ್ಕೇ ಬದುಕಿದೆ” ಎಂದು ನಾನು ಹೇಳಿದ ಕೂಡಲೇ, ಸತ್ತವನ ವಿಷಯದಲ್ಲಿ ಕೇಳಲಿಲ್ಲ ಎಂದೂ ಹೇಳಿದ ಹಾಗಾಯಿತು. “ಅದಕ್ಕೇ” ಎಂಬ ಆ ಒಂದು ಪದ ಸಾಕಾಗಿತ್ತು.

ನನ್ನ ತಕರಾರು ಇರುವುದು ಈ “ಅದಕ್ಕೇ”ಯ ಮೇಲೆ. ಕೃತಜ್ಞತೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಬದುಕಿ ಬಂದವನು ದೇವರಿಗೆ ವಂದನೆ ಹೇಳದೆ ಇನ್ನು ಯಾರಿಗೆ ಹೇಳಬೇಕು? ಆದರೆ ನಮ್ಮ ಸಭೆಗಳಲ್ಲಿ ದೇವರ ಒಳ್ಳೆಯತನ ಎಂಬುದು ಮೆಲ್ಲಗೆ ಒಂದು ಜಮಾಖರ್ಚಿನ ಪುಸ್ತಕವಾಗಿಬಿಟ್ಟಿದೆ. ಜಮಾ ಕಾಲಂ ತುಂಬಿದವರು ಎದ್ದು ನಿಲ್ಲುತ್ತಾರೆ. ತುಂಬದವರು ಬೆಂಚಿನಲ್ಲೇ ಕೂತು, ತಮ್ಮ ನಂಬಿಕೆಯಲ್ಲಿ ಏನೋ ಐಬಿದೆ ಎಂದು ಒಳಗೊಳಗೇ ಸುಡುತ್ತಾರೆ. ಜಮಾ ಹೆಚ್ಚಾದದ್ದನ್ನೇ ಆತ್ಮಿಕ ಬೆಳವಣಿಗೆ ಎಂದು ಕರೆಯುತ್ತಿದ್ದೇವೆ. ಇದು ತಪ್ಪು ಎಂದು ಸಭೆಯ ಒಳಗಿನವನಾಗಿಯೇ ಹೇಳಬೇಕಾಗಿದೆ.

ಈ ಲೆಕ್ಕ ಎಲ್ಲಿಂದ ಬಂತು? ಒಂದು ಬೇರು ದೂರದ್ದು. ಅಮೆರಿಕದ ಓಕ್ಲಹೋಮದ ಓರಲ್ ರಾಬರ್ಟ್ಸ್ ಎಂಬ ಬೋಧಕರು ಕಳೆದ ಶತಮಾನದಲ್ಲಿ ರೇಡಿಯೊ, ಟಿವಿಗಳ ಮೂಲಕ “ಬೀಜ ನಂಬಿಕೆ” ಎಂಬ ಬೋಧನೆಯನ್ನು ಜನಪ್ರಿಯ ಮಾಡಿದರು. 1970ರಲ್ಲಿ ಅದೇ ಹೆಸರಿನಲ್ಲಿ ಪುಸ್ತಕವನ್ನೂ ತಂದರು. ನೀನು ಕೊಡುವ ಕಾಣಿಕೆ ಬೀಜ, ದೇವರು ಅದನ್ನು ಹಲವು ಪಟ್ಟಾಗಿ ಹಿಂದಿರುಗಿಸುತ್ತಾನೆ ಎಂಬುದು ಅದರ ತಿರುಳು. ಮೊದಲು ಕೇಬಲ್ ಟಿವಿಯಲ್ಲಿ, ಆಮೇಲೆ ಯೂಟ್ಯೂಬಿನಲ್ಲಿ ಅದು ನಮ್ಮ ಹಳ್ಳಿಗಳ ಪ್ರಾರ್ಥನಾ ಕೂಟಗಳವರೆಗೂ ಬಂದಿದೆ. “ಬೀಜ ಬಿತ್ತಿ” ಎಂಬ ಮಾತಿನ ಕೆಳಗೆ ಈಗ ಕ್ಯೂಆರ್ ಕೋಡ್ ಇರುತ್ತದೆ.

ಇನ್ನೊಂದು ಬೇರು ನಮ್ಮ ಮನೆಯೊಳಗೇ ಇದೆ, ನೋಡಲು ಬಹಳ ಮುಗ್ಧ. ಹೊಸ ವರ್ಷದ ಆರಾಧನೆಯಲ್ಲಿ ಒಂದು ಬುಟ್ಟಿ ಬರುತ್ತದೆ. ಅದರಲ್ಲಿ ವಾಗ್ದಾನದ ಚೀಟಿಗಳು, ಒಂದೊಂದರಲ್ಲೂ ಸತ್ಯವೇದದ ಒಂದು ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡರೆ ಆ ವರ್ಷಕ್ಕೆ ದೇವರು ನಿನಗೆ ಕೊಟ್ಟ ಮಾತು ಅದೇ. ಐವತ್ತು ವರ್ಷಗಳಿಂದ ಈ ಬುಟ್ಟಿಗೆ ಕೈ ಹಾಕುತ್ತಿದ್ದೇನೆ. ಒಂದು ಸಲವೂ ನನಗೆ 88ನೇ ಕೀರ್ತನೆಯ ವಚನ ಸಿಕ್ಕಿಲ್ಲ, ನನ್ನ ಮನೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಅದನ್ನು ಯಾರೂ ಬುಟ್ಟಿಗೆ ಹಾಕುವುದಿಲ್ಲ.

ಸತ್ಯವೇದದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಗೋಳಿನ ಹಾಡುಗಳು, ದೇವರ ಮುಂದೆ ದೂರು ಹೇಳಿಕೊಳ್ಳುವಂಥವು. ಹೆಚ್ಚಿನವು ಗೋಳಿನಲ್ಲಿ ಶುರುವಾಗಿ ಕೊನೆಗೆ ಹೇಗೋ ಸ್ತೋತ್ರಕ್ಕೆ ಹೊರಳುತ್ತವೆ. 88ನೆಯದು ಹೊರಳುವುದಿಲ್ಲ. ಹಗಲೂ ರಾತ್ರಿಯೂ ಕೂಗಿದವನೊಬ್ಬ ಕೊನೆಯ ಸಾಲಿನಲ್ಲೂ ಕತ್ತಲೆಯಲ್ಲೇ ಉಳಿಯುತ್ತಾನೆ. ಅದನ್ನು ಬರೆದವನನ್ನು ನಂಬಿಕೆ ಸಾಲದವನೆಂದು ಯಾರೂ ಹೊರಗೆ ಹಾಕಲಿಲ್ಲ. ಅವನ ಹಾಡನ್ನು ಆರಾಧನೆಯ ಪುಸ್ತಕದಲ್ಲಿಯೇ ಇಟ್ಟರು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಯೆಹೂದ್ಯರ ಸಭೆಗೆ ಇದ್ದ ಎದೆ ನಮ್ಮ ಚೀಟಿಯ ಬುಟ್ಟಿಗೆ ಇಲ್ಲ.

ಕೋವಿಡ್ ಕಾಲದಲ್ಲಿ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಓಡಾಡಿದ್ದು 91ನೇ ಕೀರ್ತನೆ. ದೇವರ ಆಶ್ರಯದಲ್ಲಿ ಇರುವವನ ಗುಡಾರದ ಬಳಿಗೆ ಕೇಡು ಸುಳಿಯದು, ದೂತರು ಅವನನ್ನು ಕಾಯುವರು ಎನ್ನುವ ಭರವಸೆಯ ಹಾಡು ಅದು. ಮನೆಬಾಗಿಲಿಗೆ ಅಂಟಿಸಿಕೊಂಡವರಿದ್ದರು. ನಾನೂ ಹತ್ತಾರು ಜನರಿಗೆ ಕಳಿಸಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ರಾತ್ರಿ ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದುವಾಗ ಬೆಚ್ಚಿಬಿದ್ದೆ. ಅರಣ್ಯದಲ್ಲಿ ಯೇಸುವನ್ನು ಪರೀಕ್ಷಿಸುವ ಸೈತಾನ ಅವನನ್ನು ದೇವಾಲಯದ ತುದಿಗೆ ಹತ್ತಿಸಿ, ಇಲ್ಲಿಂದ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಅನ್ನುತ್ತಾನಲ್ಲ, ಅದಕ್ಕೆ ಅವನು ಆಧಾರವಾಗಿ ಎತ್ತಿ ಹೇಳುವುದು ಇದೇ 91ನೇ ಕೀರ್ತನೆಯನ್ನು. ಚಿಕ್ಕಂದಿನಿಂದ ಕೇಳಿದ ಕಥೆ, ಆದರೂ ಹೊಳೆದಿರಲಿಲ್ಲ. ಕೀರ್ತನೆಯಲ್ಲಿ ದೋಷವಿಲ್ಲ. ಅದನ್ನು ಗ್ಯಾರಂಟಿ ಕಾರ್ಡಿನ ಹಾಗೆ ಹಿಡಿದು ದೇವರಿಂದ ಫಲಿತಾಂಶ ವಸೂಲಿ ಮಾಡಹೊರಡುವುದು ಯಾರ ಕೆಲಸವೆಂದು ಮತ್ತಾಯ ಹೆಸರು ಹಿಡಿದೇ ಬರೆದಿದ್ದಾನೆ. ಯೇಸು ಧುಮುಕಲಿಲ್ಲ.

ಯೋಬನ ಪುಸ್ತಕವನ್ನು ತೆಗೆಯಿರಿ. ಮಕ್ಕಳು, ಮಂದೆ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತವನ ಬಳಿಗೆ ಮೂವರು ಗೆಳೆಯರು ಬರುತ್ತಾರೆ. ಮೊದಲ ಏಳು ದಿನ ಅವರು ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿರುತ್ತಾರೆ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಮೂವರದೂ ಒಂದೇ ಪ್ರಸಂಗ: ದೇವರು ನ್ಯಾಯವಂತ, ಹಾಗಾಗಿ ನಿನಗೆ ಬಂದದ್ದು ನಿನ್ನ ತಪ್ಪಿಗೆ, ತಿದ್ದಿಕೋ, ಮತ್ತೆ ಕೊಡುತ್ತಾನೆ. ಯೋಬ ಒಪ್ಪುವುದಿಲ್ಲ. ದೇವರನ್ನೇ ವ್ಯಾಜ್ಯಕ್ಕೆ ಕರೆಯುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರು ತೀರ್ಪು ಕೊಡುವಾಗ ತನ್ನ ಪರವಾಗಿ ಇಷ್ಟೆಲ್ಲ ವಾದಿಸಿದ ಆ ಮೂವರ ಮೇಲೆ ಕೋಪ ಮಾಡಿಕೊಳ್ಳುತ್ತಾನೆ, ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಎನ್ನುತ್ತಾನೆ. ದೇವರ ಮರ್ಯಾದೆ ಉಳಿಸುತ್ತೇವೆಂದು ನೊಂದವರ ಮೇಲೆ ತಪ್ಪು ಹೊರಿಸುವವರು ಈ ತೀರ್ಪನ್ನು ಓದಿಕೊಳ್ಳಬೇಕು.

ಯೇಸುವಿನ ಕಾಲಕ್ಕೂ ಈ ಲೆಕ್ಕ ಸತ್ತಿರಲಿಲ್ಲ. ಸಿಲೋವಾಮಿನಲ್ಲಿ ಒಂದು ಬುರುಜು ಬಿದ್ದು 18 ಜನ ಸತ್ತ ಸುದ್ದಿ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಬರುತ್ತದೆ. ಅವರು ಉಳಿದವರಿಗಿಂತ ಹೆಚ್ಚು ತಪ್ಪುಗಾರರೆಂದು ತಿಳಿದಿರಾ ಎಂದು ಯೇಸುವೇ ಕೇಳಿ, ಇಲ್ಲ ಎಂದು ತಾನೇ ಖಂಡಿತವಾಗಿ ಉತ್ತರಿಸುತ್ತಾನೆ. ಬುರುಜಿನಡಿ ಸಿಕ್ಕದೆ ಉಳಿದವರು ಹೆಚ್ಚು ಪ್ರಾರ್ಥಿಸಿದವರೆಂದು ಅವನು ಹೇಳಲಿಲ್ಲ. ನಾನು ಮಾತ್ರ ಹೇಳಿಬಿಟ್ಟೆ.

ಈ ಜಮಾಖರ್ಚಿನ ಧರ್ಮಕ್ಕೆ ಕನ್ನಡ ನಾಡಿನಲ್ಲಿ ಇನ್ನೊಂದು ವಿಪರ್ಯಾಸವಿದೆ. ಶಾಲೆಯಲ್ಲಿ ಓದುವಾಗ ಸಹಪಾಠಿಗಳು ನನ್ನನ್ನು ಚುಡಾಯಿಸುತ್ತಿದ್ದುದು ಒಂದೇ ಮಾತಿನಲ್ಲಿ: ನಿಮ್ಮ ಅಜ್ಜಂದಿರು ಹಾಲಿನ ಪುಡಿಗೆ, ಗೋಧಿಗೆ ಮತ ಬಿಟ್ಟವರು. ಈಗಲೂ ಟಿವಿ ಚರ್ಚೆಗಳಲ್ಲಿ ಅದೇ ಮಾತು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಅದು ಸುಳ್ಳೆಂದು ನಮ್ಮ ಊರಿನ ಚರಿತ್ರೆಯೇ ಹೇಳುತ್ತದೆ. ಬಾಸೆಲ್ ಮಿಶನ್ ಎಂದರೆ ಸಾಹಿತ್ಯದ ಓದುಗರಿಗೆ 1843ರ ‘ಮಂಗಳೂರ ಸಮಾಚಾರ’ ಗೊತ್ತು, 1894ರ ಕಿಟೆಲ್ ನಿಘಂಟು ಗೊತ್ತು. ಆ ಸಭೆಗೆ ಸೇರಿದವರು ಏನನ್ನು ಕಳೆದುಕೊಂಡರು ಎಂಬುದು ಅಷ್ಟಾಗಿ ಗೊತ್ತಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯ ಮನೆ, ಜಾತಿ, ಬಂಧುಬಳಗ ಎಲ್ಲದರಿಂದ ಹೊರಗಾದರು. ಸಭೆಗೆ ಸೇರಿದ ಬಿಲ್ಲವರು ಕಳ್ಳು ಇಳಿಸುವ ಕಸುಬನ್ನು ಬಿಡಬೇಕಾಯಿತು, ಭೂತಾರಾಧನೆಯಿಂದ ದೂರವಾದ ಒಕ್ಕಲುಗಳಿಗೆ ಊರಿನ ಸಂಬಂಧಗಳೇ ಕಡಿದವು. ಹಾಗೆ ಹೊಟ್ಟೆಪಾಡು ಕಳೆದುಕೊಂಡವರಿಗೆ ಕೆಲಸ ಬೇಕಾಯಿತು. ನೇಯ್ಗೆ ಶಾಲೆ, ಅಚ್ಚುಕೂಟ, 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ ಇವೆಲ್ಲ ಅವರಿಗೆ ಆಸರೆಯಾದವು. ಹಂಚು ಆಮೇಲೆ ಬಂದದ್ದು, ಕಳೆದುಕೊಂಡದ್ದು ಮೊದಲು.

ಆ ಅಜ್ಜ ಅಜ್ಜಿಯರು ದೇವರು ಒಳ್ಳೆಯವನೆಂದು ಹಾಡುತ್ತಿದ್ದದ್ದು ಜಮಾ ಕಾಲಂ ನೋಡಿಕೊಂಡಲ್ಲ. ಅವರ ಮೊಮ್ಮಕ್ಕಳಾದ ನಾವು ವೇದಿಕೆ ಹತ್ತಿ, ದೇವರು ಒಳ್ಳೆಯವನು ಯಾಕೆಂದರೆ ವೀಸಾ ಬಂತು, ಸೈಟು ಸಿಕ್ಕಿತು ಅನ್ನುತ್ತಿದ್ದೇವೆ. ಹಾಲಿನ ಪುಡಿಯ ಆರೋಪವನ್ನು ಅವರು ತಮ್ಮ ಬಾಳಿನಿಂದ ಸುಳ್ಳು ಮಾಡಿದ್ದರು. ನಾವು ಭಾನುವಾರ ಭಾನುವಾರ ಮೈಕಿನಲ್ಲಿ ಅದನ್ನು ನಿಜ ಮಾಡುತ್ತಿದ್ದೇವೆ.

ಆತ್ಮಿಕ ಬೆಳವಣಿಗೆ ಎಂದರೆ ಏನೆಂದು ಯೋಚಿಸುವಾಗ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರೆಂದೇ ಅವರು ಪರಿಚಿತರು, ಆದರೆ 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಕಾಡಿನಲ್ಲಿ ಮನೆ ಮಾಡಿದ್ದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. 1870ರ ದಶಕದ ಕ್ಷಾಮದಲ್ಲಿ ತಂದೆ ತಾಯಿ ಇಬ್ಬರೂ ಹಸಿವಿನಿಂದ ಸೋತು ತೀರಿಕೊಂಡರು, ಆಮೇಲೆ ಅಕ್ಕ. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಮದುವೆ, 1882ರಲ್ಲಿ ವಿಧವೆ. ಕೈಯಲ್ಲಿ ಒಂದು ಹೆಣ್ಣುಕೂಸು, ಮನೋರಮಾ. ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರೆ ಕಿವಿ ಮಂದವಾಗಿ ಆ ಆಸೆಯೂ ಮುರಿಯಿತು. 1883ರಲ್ಲಿ ಅಲ್ಲಿಯೇ ದೀಕ್ಷಾಸ್ನಾನ ಪಡೆದರು.

ನಮ್ಮ ಸಾಕ್ಷಿಕೂಟಗಳ ಮಾದರಿಯಲ್ಲಿ ಕಥೆ ಇಲ್ಲಿಂದ ಮೇಲಕ್ಕೆ ಏರಬೇಕು. ರಮಾಬಾಯಿ ಬರೆದುಕೊಂಡದ್ದು ಬೇರೆ. ದೀಕ್ಷಾಸ್ನಾನದ ನಂತರ ಎಂಟು ವರ್ಷ ಕಳೆದ ಮೇಲೆ, ತಾನು ಕಂಡುಕೊಂಡದ್ದು ಕ್ರೈಸ್ತ ಧರ್ಮವನ್ನು, ಕ್ರಿಸ್ತನನ್ನಲ್ಲ ಎಂದು ತನಗೆ ಅರಿವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಅಷ್ಟರಲ್ಲಿ ಅವರು ಬೇರೆ ಬೇರೆ ದೇಶಗಳಲ್ಲಿ ಹೆಸರು ಮಾಡಿದ್ದರು, ವಿಧವೆಯರಿಗಾಗಿ ಶಾರದಾ ಸದನ ನಡೆಸುತ್ತಿದ್ದರು. ಎದ್ದು ನಿಂತು ಹೇಳಲು ಬೇಕಾದಷ್ಟು ಇತ್ತು. ಅವರು ಮಾತ್ರ ತನ್ನಲ್ಲಿ ಇಲ್ಲದ್ದನ್ನು ಬರೆದರು. ಎಂಟು ವರ್ಷದ ತನ್ನದೇ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯವನ್ನು ನಾನು ಬೆಳವಣಿಗೆ ಎನ್ನುತ್ತೇನೆ.

ಮುಂದೆ 1896–97ರಲ್ಲಿ ಮಧ್ಯಭಾರತಕ್ಕೆ ಬರ ಬಂದಾಗ, ಮತ್ತೆ 1900ರಲ್ಲಿ ಗುಜರಾತಿಗೆ ಬಂದಾಗ, ಅವರು ಹಸಿದ ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವಿಗೆ ಕರೆತಂದರು. ಅಲ್ಲಿನ ಮುಕ್ತಿ ಸದನದಲ್ಲಿ ಸಾವಿರಕ್ಕೂ ಮಿಕ್ಕಿ ಜನರಿಗೆ ಊಟ, ಓದು, ಕಸುಬು ಸಿಕ್ಕವು. ತನ್ನ ತಾಯಿಯ ಬಾಯಿಗೆ ಸಿಗದ ತುತ್ತನ್ನು ಅವರು ಅಷ್ಟು ಬಾಯಿಗಳಿಗೆ ಇಟ್ಟರು. 1921ರಲ್ಲಿ, ತನ್ನ ನಂತರ ಎಲ್ಲವನ್ನೂ ನೋಡಿಕೊಳ್ಳಬೇಕಾಗಿದ್ದ ಮನೋರಮಾ ತೀರಿಕೊಂಡರು. ಮರಾಠಿಗೆ ಸತ್ಯವೇದವನ್ನು ಅನುವಾದಿಸುವ ಕೆಲಸವನ್ನು ರಮಾಬಾಯಿ ಮುಗಿಸಿ, 1922ರ ಏಪ್ರಿಲಿನಲ್ಲಿ ತಾವೂ ಹೋದರು. ಜಮಾಖರ್ಚು ಹಾಕಿ ನೋಡಿ: ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಕಿವಿ, ಕೊನೆಗೆ ಮಗಳು. ನಮ್ಮ ಲೆಕ್ಕದಲ್ಲಿ ಇದು ದಿವಾಳಿ. ಹಾಗಿದ್ದರೆ ತಪ್ಪಿರುವುದು ನಮ್ಮ ಲೆಕ್ಕ.

ಇದಕ್ಕೆ ಬರುವ ಎದುರುವಾದ ನನಗೆ ಗೊತ್ತು, ಅದು ಹಗುರವಾದದ್ದೂ ಅಲ್ಲ. ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸೊಬ್ಬಳು ಎದ್ದು, ಮಗುವಿನ ಜ್ವರ ಇಳಿಯಿತು, ದೇವರಿಗೆ ಸ್ತೋತ್ರ ಎಂದರೆ, ಸಂಬಳ ಪಿಂಚಣಿ ಇರುವ ನೀನು ಅವಳಿಗೆ ದೇವಶಾಸ್ತ್ರ ಹೇಳುತ್ತೀಯಾ? ಅವಳಿಗೆ ಇರುವ ಒಂದು ಭರವಸೆಯನ್ನೂ ಕಿತ್ತುಕೊಳ್ಳುತ್ತೀಯಾ? ಯೇಸು ಕುರುಡರಿಗೆ ಕಣ್ಣು ಕೊಡಲಿಲ್ಲವೇ?

ಕೊಟ್ಟ. ಅವಳ ಸ್ತೋತ್ರಕ್ಕೆ ನಾನೂ ಆಮೆನ್ ಅನ್ನುತ್ತೇನೆ. ಅವಳು ಆಗಿದ್ದನ್ನು ಹೇಳಿ ವಂದಿಸುತ್ತಿದ್ದಾಳೆ. ಅದರಿಂದ ಒಂದು ನಿಯಮ ಮಾಡಿ ಪಕ್ಕದವಳ ತಲೆಗೆ ಕಟ್ಟುತ್ತಿಲ್ಲ. ನಿಯಮ ಮಾಡುವವರು ವೇದಿಕೆಯ ಮೇಲಿರುತ್ತಾರೆ: ಅವಳ ಹಾಗೆ ನಂಬಿದರೆ ನಿಮಗೂ ಸಿಗುತ್ತದೆ, ಸಿಗದಿದ್ದರೆ ನಿಮ್ಮನ್ನು ಪರೀಕ್ಷಿಸಿಕೊಳ್ಳಿ. ಮುಂದಿನ ಸಲ ಅವಳ ಮಗುವಿನ ಜ್ವರ ಇಳಿಯದಿದ್ದರೆ ಆ ನಿಯಮ ಮೊದಲು ಬಂದು ಬಡಿಯುವುದು ಅವಳಿಗೇ. ಪಿಂಚಣಿಯವನಿಗೆ ನಂಬಿಕೆ ಸೋತರೂ ಬ್ಯಾಂಕು ಇದೆ. ಭರವಸೆಯನ್ನು ಫಲಿತಾಂಶಕ್ಕೆ ಗಂಟು ಹಾಕಿಕೊಟ್ಟವರೇ ಅವಳ ಭರವಸೆಯನ್ನು ಕಿತ್ತುಕೊಂಡವರು. ಪೌಲನಂಥವನು ತನ್ನ ದೇಹದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಸಿಕ್ಕಿದ್ದು ಕೃಪೆ ಮಾತ್ರ. ಅದನ್ನು ಅವನು ಮುಚ್ಚಿಡದೆ ಕೊರಿಂಥದ ಸಭೆಗೆ ಪತ್ರ ಬರೆದು ತಿಳಿಸಿದ. ನಮ್ಮಲ್ಲಿ ಯಾರಾದರೂ ಎದ್ದು, ಮೂರು ಸಲ ಬೇಡಿದೆ, ಆಗಲಿಲ್ಲ ಎಂದು ಸಾಕ್ಷಿ ಹೇಳಿದರೆ ಆಮೆನ್ ಅನ್ನಲು ನಮಗೆ ಬಾಯಿ ಬಂದೀತೇ?

ಹಾಗಾದರೆ ದೇವರ ಒಳ್ಳೆಯತನವನ್ನು ನಾನು ಅನುಭವಿಸಲೇ ಇಲ್ಲವೇ? ಅನುಭವಿಸಿದ್ದೇನೆ. ಇದನ್ನು ಹೇಳದಿದ್ದರೆ ಬರಹ ಅರ್ಧವಾಗುತ್ತದೆ.

ಆ ವಾರ್ಡಿನಲ್ಲಿ ಒಬ್ಬ ಆಯಾ ಇದ್ದರು. ಪಿಪಿಇ ಕಿಟ್ ಹಾಕಿಕೊಂಡಿದ್ದರಿಂದ ಅವರ ಮುಖ ನಾನು ನೋಡಿಲ್ಲ, ಹೆಸರು, ಜಾತಿ, ಧರ್ಮ ಗೊತ್ತಿಲ್ಲ. ಮಗುಚಿ ಮಲಗಿರುತ್ತಿದ್ದ ನನ್ನನ್ನು ಎಬ್ಬಿಸಿ ಕೂರಿಸಿ, ಮಾಸ್ಕನ್ನು ಚೂರು ಸರಿಸಿ, ಎರಡು ಚಮಚ ಗಂಜಿ ಕುಡಿಸಿ ಮತ್ತೆ ಮಾಸ್ಕು ಹಾಕುತ್ತಿದ್ದರು. ಉಸಿರು ಸುಧಾರಿಸಿದ ಮೇಲೆ ಇನ್ನೆರಡು ಚಮಚ. ಬೆವರು ಅವರ ಕೈಗವಸಿನೊಳಗೆ ನೀರಾಗಿ ಆಡುವುದು ಕಾಣುತ್ತಿತ್ತು. ಒಂದು ಬಟ್ಟಲು ಗಂಜಿಗೆ ಅರ್ಧ ಗಂಟೆ. ಆಮೇಲೆ ಅದೇ ಕೈ, ಅದೇ ತಾಳ್ಮೆ, ಎರಡು ಹಾಸಿಗೆ ಆಚೆ ನನ್ನ ತಮ್ಮನಿಗೆ. ಅವನು ಒಮ್ಮೆ ಮಾಸ್ಕಿನೊಳಗಿಂದಲೇ ನನ್ನ ಕಡೆ ನೋಡಿ, ಉಪ್ಪು ಕಡಿಮೆ ಎಂದು ಕೈಯಲ್ಲೇ ಸನ್ನೆ ಮಾಡಿ ನಕ್ಕಿದ್ದ.

34ನೇ ಕೀರ್ತನೆ ದೇವರ ಒಳ್ಳೆಯತನವನ್ನು ನಾಲಿಗೆಯ ರುಚಿಗೆ ಹೋಲಿಸುತ್ತದೆ. ನಾನು ರುಚಿ ನೋಡಿದ್ದು ಆ ಗಂಜಿಯಲ್ಲಿ. ಮತ್ತಾಯ ಐದನೇ ಅಧ್ಯಾಯದಲ್ಲಿ ಯೇಸು, ದೇವರ ಬಿಸಿಲೂ ಮಳೆಯೂ ಒಳ್ಳೆಯವರು ಕೆಟ್ಟವರು ಎನ್ನದೆ ಎಲ್ಲರ ಮೇಲೂ ಬೀಳುತ್ತದೆ ಎನ್ನುತ್ತಾನಲ್ಲ, ಆ ಗಂಜಿಯೂ ಹಾಗೆ ಬದುಕುವವನಿಗೂ ಸಾಯುವವನಿಗೂ ಒಂದೇ ಸಮ ಬಂತು. ನನ್ನ ಸಾಕ್ಷಿಯಲ್ಲಿ ಆದ ತಪ್ಪು ಇಷ್ಟೇ: ನಮ್ಮಿಬ್ಬರಿಗೂ ಸಮನಾಗಿ ಸಿಕ್ಕಿದ್ದರ ಬಗ್ಗೆ ಒಂದು ಮಾತೂ ಆಡದೆ, ನನಗೆ ಸಿಕ್ಕಿ ಅವನಿಗೆ ಸಿಗದೇ ಹೋದದ್ದನ್ನು ಮಾತ್ರ ದೇವರ ಒಳ್ಳೆಯತನ ಎಂದೆ. ನಾನು ಬದುಕಿದ್ದು ಯಾಕೆ, ಅವನು ಸತ್ತದ್ದು ಯಾಕೆ ಎಂಬುದು ನನಗೆ ತಿಳಿಯದು. ತಿಳಿಯದ್ದಕ್ಕೆ ಸಾಕ್ಷಿ ಹೇಳಬಾರದು. ಗಂಜಿಗೆ ನಾನು ಕಣ್ಣಾರೆ ಕಂಡ ಸಾಕ್ಷಿ.

ಆ ಹೊಸ ವರ್ಷದ ಮರುವಾರ ಚಿಕ್ಕಮ್ಮನ ಮನೆಗೆ ಹೋಗಿ ಗಂಜಿಯ ಕಥೆ ಹೇಳಿದೆ, ಉಪ್ಪಿನ ಸನ್ನೆಯನ್ನೂ. ಮಗನ ಕೊನೆಯ ದಿನಗಳ ಬಗ್ಗೆ ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಒಳಗೆ ಬಿಡುತ್ತಿರಲಿಲ್ಲವಲ್ಲ. ತುಂಬ ಹೊತ್ತು ಅತ್ತರು, ನಡುವೆ ಒಮ್ಮೆ ನಕ್ಕರು: “ಅವನಿಗೆ ಯಾವಾಗಲೂ ಉಪ್ಪು ಸಾಲದು.” ನಾನು ಕ್ಷಮೆ ಕೇಳಿದೆ. ಪ್ರಾರ್ಥನೆ ಮಾಡುತ್ತೀರಾ ಈಗ ಎಂದೂ ಕೇಳಿದೆ. ಕೇಳಬಾರದಿತ್ತೇನೋ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: “ಜಗಳ ಮಾಡ್ತಾ ಇದ್ದೇನೆ. ದಿನಾ ಬೆಳಿಗ್ಗೆ. ಮಾತು ಬಿಡ್ಲಿಲ್ಲ.”

ಮಾತು ಬಿಡುವುದೆಂದರೆ ಸಂಬಂಧ ಕಡಿಯುವುದು. ಜಗಳವಾಡುವವರು ಇನ್ನೂ ಸಂಬಂಧದ ಒಳಗೇ ಇದ್ದಾರೆ. 88ನೇ ಕೀರ್ತನೆಯ ಅರ್ಥ ಯಾವ ವ್ಯಾಖ್ಯಾನ ಗ್ರಂಥಕ್ಕಿಂತಲೂ ಚೆನ್ನಾಗಿ ನನಗೆ ಆ ದಿನ ತಿಳಿಯಿತು. ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ್ದೂ 22ನೇ ಕೀರ್ತನೆಯ ಗೋಳಿನ ಮೊದಲ ಸಾಲನ್ನೇ. ಆ ಹೊತ್ತಿನಲ್ಲಿ ಅವನ ಬಾಯಿಗೆ ಬಂದದ್ದು ವಾಗ್ದಾನದ ಚೀಟಿಯ ವಚನ ಆಗಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಇನ್ನೊಂದನ್ನು ನೋಡಿದೆ. ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ 50,000 ರೂಪಾಯಿಯ ಸರಕಾರಿ ಪರಿಹಾರ ಬರಬೇಕಿತ್ತು. ಅದಕ್ಕೆ ಅರ್ಜಿ, ಮರಣ ಪ್ರಮಾಣಪತ್ರ, ಪರೀಕ್ಷೆಯ ವರದಿ, ಪಾಸ್‌ಬುಕ್ಕಿನ ನಕಲು ಎಂದು ಅಲೆದಾಟ. ಚಿಕ್ಕಮ್ಮ ಮಗನ ಅರ್ಜಿಗಾಗಿ ಅಲೆದು ಅಲೆದು ಯಾವ ಕಾಗದ ಎಲ್ಲಿ ಸಿಗುತ್ತದೆ, ಯಾವ ಮೇಜಿನ ಮುಂದೆ ನಿಲ್ಲಬೇಕು ಎಂದು ಕಲಿತಿದ್ದರು. ಅವರ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಮುಸ್ಲಿಂ ಹೆಂಗಸೊಬ್ಬರಿದ್ದರು, ಸ್ವಲ್ಪ ಆಚೆ ಮಗಳನ್ನು ಕಳೆದುಕೊಂಡ ದೇವಾಡಿಗರ ಮನೆಯಿತ್ತು. ಇವರು ತಾವಾಗಿ ಹೋಗಿ ಅವರ ಅರ್ಜಿಗಳನ್ನು ತುಂಬಿಸಿಕೊಟ್ಟರು, ಕಚೇರಿಗೆ ಜೊತೆಗೆ ಹೋಗಿ ಕೂತರು. ದೇವರ ವಿಷಯ ಎತ್ತಲೇ ಇಲ್ಲವಂತೆ. “ಆ ಹೊತ್ತಿಗೆ ಅವರಿಗೆ ಝೆರಾಕ್ಸ್ ಬೇಕಿತ್ತು” ಎಂದರು.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಪವಿತ್ರಾತ್ಮನ ಫಲ ಯಾವುದೆಂದು ಒಂಬತ್ತನ್ನು ಹೆಸರಿಸುತ್ತಾನೆ. ತಾಳ್ಮೆ ಅದರಲ್ಲಿದೆ, ದಯೆ ಇದೆ, ಒಳ್ಳೆಯತನವೂ ಇದೆ. ವೀಸಾ ಇಲ್ಲ, ಬಡ್ತಿ ಇಲ್ಲ, ನೆಗೆಟಿವ್ ರಿಪೋರ್ಟ್ ಇಲ್ಲ. ದೇವರ ಒಳ್ಳೆಯತನ ಒಬ್ಬರಿಗೆ ಎಷ್ಟು ದಕ್ಕಿದೆ ಎಂದು ನೋಡಬೇಕಾದರೆ ಅವರಿಗೆ ಏನು ಸಿಕ್ಕಿತೆಂದು ಕೇಳಿ ಪ್ರಯೋಜನವಿಲ್ಲ, ಅವರಿಂದ ಪಕ್ಕದ ಮನೆಗೆ ಏನು ಹೋಯಿತೆಂದು ಕೇಳಬೇಕು. ಆ ಅಳತೆಯಲ್ಲಿ ನಮ್ಮ ಸಭೆಯಲ್ಲಿ ಆ ವರ್ಷ ಎಲ್ಲರಿಗಿಂತ ಎತ್ತರಕ್ಕೆ ಬೆಳೆದವರು ದೇವರ ಜೊತೆ ಜಗಳವಾಡುತ್ತಿದ್ದ, ಒಮ್ಮೆಯೂ ಸಾಕ್ಷಿ ಹೇಳಲು ಏಳದ ಒಬ್ಬ ತಾಯಿ.

ಸಾಕ್ಷಿಗೆ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿರುವ ‘ಮಾರ್ತುಸ್’ ಎಂಬ ಪದವೇ ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟವರ ಹೆಸರೂ ಆಯಿತು. ಕಳೆದುಕೊಂಡವರ ಹೆಸರಾಗಿದ್ದ ಆ ಪದವನ್ನು ನಾವು ಗಳಿಸಿದವರ ಸೊತ್ತು ಮಾಡಿದ್ದೇವೆ. ಅದನ್ನು ಹಿಂದಿರುಗಿಸಬೇಕು. ನಾನು ಕೇಳುವುದು ದೊಡ್ಡದನ್ನೇನೂ ಅಲ್ಲ. ವಾಗ್ದಾನದ ಬುಟ್ಟಿಗೆ 88ನೇ ಕೀರ್ತನೆಯ ಒಂದು ಚೀಟಿಯನ್ನೂ ಹಾಕಿ. ವರ್ಷದ ಕೊನೆಯ ಆರಾಧನೆಯಲ್ಲಿ, ಸಿಕ್ಕಿದ್ದನ್ನು ಹೇಳಲು ಕೊಡುವಷ್ಟೇ ಹೊತ್ತನ್ನು ಸಿಗದೇ ಹೋದದ್ದನ್ನು ಹೇಳಲೂ ಕೊಡಿ. ಯಾರೂ ಏಳದಿದ್ದರೆ ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನು ಮಾಡಿ, ಸುಮ್ಮನೆ ಜೊತೆಗೆ ಕೂತಿರಿ.

ಈ ಬರಹವನ್ನು ಕಳಿಸುವ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿದೆ. ತಮ್ಮ ಹೆಸರು ಹಾಕಬೇಡ ಎಂದರು. “ಗಂಜಿಗೆ ಉಪ್ಪು ಕಡಿಮೆ ಇತ್ತು ಅಂತ ಬರೆದದ್ದು ಇರಲಿ. ಅದು ಸತ್ಯ.”